ಹುನ್ನೂರಿನ ಗುಟ್ಟು ಜರ್ಮನಿಯಲ್ಲಿ ಬಯಲಾದದ್ದು

ಬನಹಟ್ಟಿ

ಜರ್ಮನಿಗೆ ಹೊರಟಾಗ ನಮ್ಮ ಓಣಿಯವರು ನನಗೆ ಕೊಟ್ಟ ಎಚ್ಚರಿಕೆಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಥಂಡಿಗೆ ಕಿವಿ ಕಟ್ಟಿಕೋ ಅಂದರು. ಅಲ್ಲಿ ಚುರುಚುರು ಬಿಸಿಲು. ಪಾಸ್‌ಪೋರ್ಟ್ ಜೋಪಾನ ಅಂದರು. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ತಟ್ಟೆಗೆ ಏನು ಹಾಕುತ್ತಾರೋ ಕೇಳಿ ತಿನ್ನು ಅಂದರು. ಕೇಳಿದೆ, ತಿಂದೆ, ಏನೂ ಆಗಲಿಲ್ಲ. ಹೆದರಬೇಕಾಗಿದ್ದ ವಸ್ತು ನನ್ನ ಕೈಚೀಲದಲ್ಲೇ ಇತ್ತು. ಅದರ ಬಗ್ಗೆ ಯಾರೂ ಹೇಳಲಿಲ್ಲ, ಯಾಕೆಂದರೆ ಅದು ಅವರೆಲ್ಲರ ಕೈಯಲ್ಲೂ ಇತ್ತು.

ನಾನು ಬನಹಟ್ಟಿಯ ನೇಕಾರರ ಸಂಘವೊಂದರಲ್ಲಿ ಸೀರೆಯ ದಡಿಗೆ ನಕ್ಷೆ ಬರೆಯುವವಳು. ಜರ್ಮನಿಯ ಪೂರ್ವ ಭಾಗದಲ್ಲಿ ಒಂದು ಸಣ್ಣ ಊರು, ಹಿಂದೆ ಬಟ್ಟೆ ಗಿರಣಿಗಳ ಊರು. ಅಲ್ಲಿನ ವಸ್ತುಸಂಗ್ರಹಾಲಯದವರು ಕೈಮಗ್ಗ ತೋರಿಸಲು ನಮ್ಮ ಸಂಘದಿಂದ ಇಬ್ಬರನ್ನು ಕರೆದಿದ್ದರು. ನೇಯ್ದು ತೋರಿಸಲು ಮಲ್ಲಪ್ಪ ಕಾಕಾ. ಅರವತ್ತೈದರ ಮನುಷ್ಯ, ನನಗೆ ಸಂಬಂಧಿಕರಲ್ಲ, ಇಡೀ ಓಣಿಗೆ ಕಾಕಾ. ಅವರು ನೇಯುವುದನ್ನು ಇಂಗ್ಲಿಷಿನಲ್ಲಿ ವಿವರಿಸಲು ನಾನು. ನನ್ನ ಇಂಗ್ಲಿಷು ಪಿಯುಸಿಯಲ್ಲಿ ಒಮ್ಮೆ ನಪಾಸಾಗಿ ಎರಡನೆಯ ಸಲಕ್ಕೆ ದಡ ಸೇರಿದ್ದು. ಸಂಘದಲ್ಲಿ ಅಷ್ಟಾದರೂ ಇದ್ದವಳು ನಾನೊಬ್ಬಳೇ.

ಪ್ರಯಾಣಕ್ಕೆಂದು ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಹೊಸ ಫೋನ್ ತೆಗೆದುಕೊಂಡೆ. ಅಂಗಡಿಯವರು ಬಹಳ ಉಪಕಾರಿ ಮನುಷ್ಯ.

“ಇದೊಂದು ಆ್ಯಪ್ ಹಾಕಿ ಕೊಡ್ತೇನ್ರಿ ಅಕ್ಕಾರ. ಗುರ್ತಿಲ್ಲದ ನಂಬರಿಂದ ಫೋನ್ ಬಂದ್ರೂ ಹೆಸರು ಬರ್ತೈತಿ. ಪುಕ್ಕಟ ಐತ್ರಿ.”

ಪರದೆಯ ಮೇಲೆ ಅದು ಏನೋ ಕೇಳಿತು. ಅವರು ನೊಣ ಹೊಡೆಯುವಷ್ಟು ಚುರುಕಾಗಿ ‘ಒಪ್ಪಿಗೆ’ ಅನ್ನುವಲ್ಲಿ ನಾಲ್ಕು ಸಲ ಒತ್ತಿ ಫೋನ್ ನನ್ನ ಕೈಗಿಟ್ಟರು. ಯಾವುದಕ್ಕೆ ಒಪ್ಪಿಗೆ ಅಂತ ಅವರೂ ಓದಲಿಲ್ಲ, ನಾನೂ ಓದಲಿಲ್ಲ. ಪುಕ್ಕಟೆ ಅಂದಮೇಲೆ ಓದುವುದೇನಿದೆ ಅನ್ನಿಸಿತು.

ನಮ್ಮ ಕಡೆ ಫೋನಿನಲ್ಲಿ ಬರೀ ಹೆಸರು ಬರೆದಿಟ್ಟರೆ ನಡೆಯುವುದಿಲ್ಲ. ನನ್ನೊಬ್ಬಳ ಫೋನಿನಲ್ಲೇ ಹನ್ನೊಂದು ಜನ ಮಲ್ಲಪ್ಪ ಇದ್ದರು. ಹಾಗಾಗಿ ‘ಮಲ್ಲಪ್ಪ ರಬಕವಿ ಹಾಲು’, ‘ಮಲ್ಲಪ್ಪ ಜಮಖಂಡಿ ಮಾಸ್ತರ’, ‘ಮಲ್ಲಪ್ಪ ಬೀಳಗಿ ಬೀಗರು’. ಊರು, ಕಸುಬು, ಮನೆಯ ಗುರುತು, ಎಲ್ಲ ಸೇರಿಸಿ ಬರೆದರೇ ಮನುಷ್ಯ ಸಿಗುವುದು. ನಕ್ಷೆ ಬರೆಯುವ ಕೈ ಬೇರೆ ನನ್ನದು. ಒಂದು ಗುರುತೂ ಬಿಡದೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆ. ಅದೇ ಅಚ್ಚುಕಟ್ಟಿನಿಂದ ಕಸ್ತೂರಿಯ ನಂಬರನ್ನೂ ಬರೆದಿಟ್ಟೆ: ‘ಕಸ್ತೂರಿ ಹುನ್ನೂರ ಪದ್ದವ್ವ ಬೀರಪ್ಪನ ಗುಡಿ’.

ಕಸ್ತೂರಿ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ಮುಧೋಳಕ್ಕೆ ಮದುವೆ ಮಾಡಿ ಕೊಟ್ಟವಳು ನಾನೇ. ಪ್ರವಾಸಕ್ಕೆ ಐದು ತಿಂಗಳ ಮುಂಚೆ ಅವಳು ಮುರಿದ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಿಂದ ಇಳಿದು ಬಂದಳು. ಏಳು ವರ್ಷದ ಮಗಳು ಸವಿತಾಳನ್ನು ಗಂಡ ಬಿಟ್ಟುಕೊಟ್ಟಿರಲಿಲ್ಲ. ಎರಡು ದಿನದ ಮೇಲೆ ಅವನೇ ನಮ್ಮ ಬಾಗಿಲಿಗೆ ಬಂದು, ಸಿಕ್ಕ ದಿನ ಜೀವಂತ ಬಿಡುವುದಿಲ್ಲ ಅಂತ ಓಣಿಯ ನಡುವೆ ನಿಂತು ಕೂಗಿಹೋದ. ಕುಡಿದು ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವನು ಕುಡಿದಿರಲಿಲ್ಲ.

ಕಸ್ತೂರಿ ಅಷ್ಟು ಹೊತ್ತಿಗೆ ಹುನ್ನೂರಿನಲ್ಲಿದ್ದಳು, ನನ್ನ ಜೊತೆ ಓದಿದ ಪದ್ದವ್ವನ ಮನೆಯಲ್ಲಿ. ಪದ್ದವ್ವನದು ಕುರಿ ಸಾಕುವ ಮನೆತನ, ಬೀರಪ್ಪನ ಗುಡಿಯ ಹಿಂದೆಯೇ ಮನೆ. ಈ ಸಂಗತಿ ಬನಹಟ್ಟಿಯಲ್ಲಿ ನನಗೊಬ್ಬಳಿಗೇ ಗೊತ್ತು. ಮಲ್ಲಪ್ಪ ಕಾಕಾ ಎರಡು ಸಲ ಕೇಳಿದಾಗಲೂ “ಪುಣೇದಾಗ ಕೆಲಸಕ್ಕ ಅದಾಳ್ರಿ” ಅಂತ ಸುಳ್ಳು ಹೇಳಿದ್ದೆ.

ಕಸ್ತೂರಿಯದು ಒಂದೇ ತಪ್ಪು. ಮಂಗಳವಾರ ಮಗಳ ಸಾಲಿ ಬಿಟ್ಟ ಹೊತ್ತಿಗೆ, ಮುಧೋಳದ ಮನೆಯಲ್ಲೇ ಇರುವ ಮೊಬೈಲಿಗೆ ಕರೆ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಗಂಡ ಹೊರಗಿರುತ್ತಾನೆ, ಅತ್ತೆ ಎದ್ದು ಬರುವಷ್ಟರಲ್ಲಿ ಮಗಳು ಓಡಿಬಂದು ಫೋನ್ ಎತ್ತುತ್ತಾಳೆ.

“ಮಾತಾಡೂದಿಲ್ಲ ಚಿಗವ್ವ. ಆಕಿ ಹಲೋ ಅಂತಾಳ, ಕೇಳಿ ಇಟ್ಟಬಿಡ್ತೇನಿ” ಅಂದಿದ್ದಳು.

ಬೈದೆ. ಆದರೆ ಬಿಡು ಅನ್ನಲು ಮನಸ್ಸು ಬರಲಿಲ್ಲ. ಬರೀ ಹತ್ತು ಅಂಕಿ ನೋಡಿ ಅವನಿಗೆ ಊರು ಹೇಗೆ ತಿಳಿದೀತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಫ್ರಾಂಕ್‌ಫರ್ಟ್

ವಿಮಾನ ಇಳಿದು ಸಾಲಿನಲ್ಲಿ ನಿಂತೆವು. ಗಾಜಿನ ಹಿಂದೆ ಕುಳಿತವನು ಬೆರಳು ಇಡಿ ಅಂತ ಸನ್ನೆ ಮಾಡಿದ. ನನ್ನದು ಒಂದೇ ಸಲಕ್ಕೆ ಹತ್ತಿತು. ಕಾಕಾ ಇಟ್ಟರು, ಯಂತ್ರ ಒಲ್ಲೆ ಅಂದಿತು. ಒರೆಸಿ ಇಟ್ಟರು, ಒಲ್ಲೆ. ಐವತ್ತು ವರ್ಷ ನೂಲು ಎಳೆದೆಳೆದು ಅವರ ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿದ್ದವು. ಇನ್ನೊಬ್ಬ ಅಧಿಕಾರಿ ಬಂದ, ಮತ್ತೊಬ್ಬ ಬಂದ. ನಮ್ಮ ಹಿಂದಿನ ಸಾಲು ಗುಜುಗುಜು ಅನ್ನತೊಡಗಿತು. ಸಾಲದ್ದಕ್ಕೆ ಕಾಕಾ ಜೇಬಿನಿಂದ ನೂಲು ಹಾಯಿಸುವ ಲಾಳಿ ತೆಗೆದು, ಇದರಿಂದಲೇ ಹೀಗಾದದ್ದು ಅಂತ ತೋರಿಸಲು ಹೋದರು. ಎರಡೂ ತುದಿಗೆ ಕಬ್ಬಿಣದ ಮೊನೆ ಇರುವ ವಸ್ತುವದು, ವಿಮಾನ ಹತ್ತುವಾಗಿನ ತಪಾಸಣೆಯಲ್ಲಿ ಹೇಗೆ ಪಾರಾಗಿತ್ತೋ. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ.

ಅರ್ಧ ತಾಸು ಒಂದು ಕೋಣೆಯಲ್ಲಿ ಕೂಡಿಸಿ, ಸಂಗ್ರಹಾಲಯದ ಪತ್ರ ಓದಿ, ನಕ್ಕು ಬಿಟ್ಟರು.

“ಇವರ ಮಷೀನಿಗೆ ನಾ ಸಿಗಲಿಲ್ಲ ನೋಡ ಶಾಂತಾ” ಅಂತ ಕಾಕಾ ಹೆಮ್ಮೆಯಿಂದ ಬೆರಳು ನೋಡಿಕೊಂಡರು. ಆಗ ನಾನೂ ನಕ್ಕೆ. ಈಗ ಆ ಮಾತು ನೆನಪಾದರೆ ಹೊಟ್ಟೆಕಿಚ್ಚಾಗುತ್ತದೆ.

ಹೆಲ್ಗಾಳ ಮನೆ

ನಮ್ಮನ್ನು ಇಳಿಸಿಕೊಂಡವಳು ಹೆಲ್ಗಾ. ಎಪ್ಪತ್ತು ದಾಟಿದವಳು, ಒಬ್ಬಳೇ, ಕೆಲಸದಲ್ಲಿದ್ದಾಗ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳಂತೆ. ಅವಳ ಇಂಗ್ಲಿಷು ನನ್ನಷ್ಟೇ ನಿಧಾನ. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು.

ಮೊದಲ ದಿನವೇ ಒಂದು ಫಜೀತಿ. ಟ್ರಾಮ್ ನಿಲ್ಲುವಲ್ಲಿ ಒಬ್ಬ ಹೆಂಗಸು ಮಗುವಿಗೆ ಹಣ್ಣು ಹೆಚ್ಚಿ ತಿನ್ನಿಸುತ್ತಿದ್ದಳು. ಚೆಂದ ಕಂಡಿತು, ಫೋಟೋ ಹೊಡೆದೆ. ಅವಳು ನೆಟ್ಟಗೆ ಎದ್ದು ಬಂದು ನನ್ನ ಮುಂದೆ ನಿಂತಳು. ಕೂಗಲಿಲ್ಲ. ಅಳಿಸು ಅಂದಳು. ಅಳಿಸಿದ್ದನ್ನು ತೋರಿಸು ಅಂದಳು. ತೋರಿಸಿದ ಮೇಲೆ, ಅಳಿಸಿದ್ದನ್ನು ಫೋನು ಇನ್ನೆಲ್ಲೋ ಇಟ್ಟುಕೊಂಡಿರುತ್ತದೆ, ಅಲ್ಲಿಂದಲೂ ಅಳಿಸು ಅಂದಳು. ನಮ್ಮಲ್ಲಿ ಮಗುವಿನ ಫೋಟೋ ಹೊಡೆದರೆ ಅಜ್ಜಿಯನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಮುಖ ಕೆಂಪಾಗಿ ಮನೆಗೆ ಬಂದು ಹೆಲ್ಗಾಳಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡರೆ “ಅವಳು ಮಾಡಿದ್ದು ಸರಿ” ಅಂದಳು.

ಆಮೇಲೆ ಕಂಪ್ಯೂಟರಿನಲ್ಲಿ ತನ್ನ ಬೀದಿಯನ್ನು ತೋರಿಸಿದಳು. ಯಾವುದೋ ದೊಡ್ಡ ಕಂಪನಿ, ನೆತ್ತಿಯ ಮೇಲೆ ಕ್ಯಾಮೆರಾ ಕಟ್ಟಿದ ಕಾರು ಓಡಿಸಿ ಊರೂರಿನ ಮನೆಗಳ ಚಿತ್ರ ಹಿಡಿದು ಇಂಟರ್ನೆಟ್ಟಿಗೆ ಹಾಕಿದೆ. ಎಡಗಡೆ ಮನೆ ಇದೆ, ಬಲಗಡೆ ಮನೆ ಇದೆ, ನಡುವೆ ಹೆಲ್ಗಾಳ ಮನೆ ಇರಬೇಕಾದಲ್ಲಿ ಆವಿ ಕಟ್ಟಿದ ಗಾಜಿನಂಥ ಒಂದು ಮಬ್ಬು. ಅವಳೇ ಪತ್ರ ಬರೆದು ಮಾಡಿಸಿದ್ದಂತೆ.

“ಮುಚ್ಚಿಡುವಂಥದ್ದು ಏನಿದೆ ನಿನ್ನ ಮನೆಯಲ್ಲಿ?” ಅಂತ ನಗುತ್ತ ಕೇಳಿದೆ.

“ಏನೂ ಇಲ್ಲ. ಕಿಟಕಿಯಲ್ಲಿ ಹೂವಿನ ಕುಂಡ ಇದೆ.” ಚಹಾಕ್ಕೆ ನೀರಿಡುತ್ತ ಹೇಳಿದಳು. “ಗೋಡೆ ಬೀಳುವ ಮುಂಚೆ, ಪೂರ್ವ ಜರ್ಮನಿಯ ಸರಕಾರವಿದ್ದಾಗ, ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕುಳಿತರು ಅಂತ ಪಕ್ಕದ ಮನೆಯವಳು ಸರಕಾರದವರಿಗೆ ಬರೆದುಕೊಡುತ್ತಿದ್ದಳು. ಒಳ್ಳೆಯವಳು. ನನ್ನ ಮದುವೆಗೆ ಕೇಕ್ ಮಾಡಿದವಳು. ಅದೆಲ್ಲ ಯಾರ ಕೈಗೆ ಹೋಗುತ್ತದೆ ಅಂತ ಅವಳೂ ಕೇಳಿರಲಿಲ್ಲ.”

ನನಗೆ ಅವಳ ಬಗ್ಗೆ ಕನಿಕರ ಬಂತು. ನಮ್ಮಲ್ಲಿ ಬಾಗಿಲು ತೆರೆದೇ ಇರುತ್ತದೆ, ಯಾರ ಮನೆಯಲ್ಲಿ ಯಾವ ಪಲ್ಯ ಅಂತ ಓಣಿಗೆಲ್ಲ ಗೊತ್ತಿರುತ್ತದೆ ಅಂತ ಜಂಬದಿಂದ ಹೇಳಿದೆ. ಹೆಲ್ಗಾ ನನಗೆ ಚಹಾ ಬಗ್ಗಿಸಿದಳು.

ಸಂಗ್ರಹಾಲಯ, ಮಂಗಳವಾರ

ಹಳೇ ಗಿರಣಿಯ ದೊಡ್ಡ ಕೋಣೆಯಲ್ಲಿ ಮಗ್ಗ ಹೂಡಿದ್ದರು. ಕಾಕಾ ಕುಳಿತರೆಂದರೆ ಆ ಜನ ಉಸಿರು ಬಿಡದೆ ನೋಡುತ್ತಿದ್ದರು. ನಮ್ಮಲ್ಲಿ ಮಗ್ಗದ ಸಪ್ಪಳಕ್ಕೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಕೇಳುತ್ತ ನಿಂತ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಹೊಸ ನಂಬರು. ಪರದೆಯ ಮೇಲೆ ‘ಶಿವಪ್ಪ ಬೆಲ್ಲ ಮಹಾಲಿಂಗಪುರ ಸೊಟ್ಟ ಮೂಗು’ ಅಂತ ಬಂತು. ಎತ್ತಿದರೆ ಯಾರೋ ತಪ್ಪಿ ಮಾಡಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಲ್ಗಾಳಿಗೆ ಅರ್ಥ ಹೇಳಿದೆ.

ಅವಳು ನಗಲಿಲ್ಲ. “ಇದನ್ನು ನೀನು ಬರೆದೆಯಾ?”

“ಇಲ್ಲ. ಆ ಮನುಷ್ಯ ನನಗೆ ಗೊತ್ತೇ ಇಲ್ಲ.”

“ಮತ್ತೆ ಯಾರು ಬರೆದದ್ದು?”

“ಅವನ ಪರಿಚಯದವರು ಯಾರೋ ತಮ್ಮ ಫೋನಿನಲ್ಲಿ ಹೀಗೆ ಬರೆದುಕೊಂಡಿರಬೇಕು.”

“ಅವರು ಬರೆದುಕೊಂಡದ್ದು ನಿನಗೆ ಕಾಣುತ್ತದೆ” ಅಂದಳು ಹೆಲ್ಗಾ. “ನೀನು ಬರೆದುಕೊಂಡದ್ದು ಯಾರಿಗೆ ಕಾಣುತ್ತದೆ ಶಾಂತಾ?”

ಹೋಗಿ ಕಾಕಾ ಅವರನ್ನು ಮಗ್ಗದಿಂದ ಎಬ್ಬಿಸಿದೆ. ಅವರ ಫೋನೂ ಅದೇ ಅಂಗಡಿಯದು, ಅದೇ ಆ್ಯಪ್. ಹೆಲ್ಗಾ ಅದನ್ನು ಸಂಗ್ರಹಾಲಯದ ಇಂಟರ್ನೆಟ್ಟಿಗೆ ಜೋಡಿಸಿಕೊಟ್ಟಿದ್ದಳು. ಅವರ ಬಳಿ ಕಸ್ತೂರಿಯ ಹೊಸ ನಂಬರ್ ಇರಲಿಲ್ಲ. ಒಂದು ನಂಬರ್ ಹಾಕಿ ನೋಡ್ರಿ ಅಂತ ಒಂದೊಂದೇ ಅಂಕಿ ಹೇಳಿದೆ. ಅವರು ದಪ್ಪ ಹೆಬ್ಬೆರಳಿನಿಂದ ಒಂದೊಂದೇ ಒತ್ತಿದರು. ಒಂದು ಕ್ಷಣ ಚಕ್ರ ತಿರುಗಿತು. ಕಾಕಾ ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿದರು.

“ಕಸ್ತೂರಿ. ಹುನ್ನೂರ. ಪದ್ದವ್ವ. ಬೀರಪ್ಪನ ಗುಡಿ.” ಆಮೇಲೆ ನನ್ನ ಮುಖ ನೋಡಿದರು. “ಹುನ್ನೂರಾಗ ಅದಾಳೇನವಾ ಕಸ್ತೂರಿ? ಪುಣೇದಾಗ ಅಂದಿದ್ದೆಲ್ಲ.”

ಐದು ತಿಂಗಳು ಹಲ್ಲು ಕಚ್ಚಿ ಇಟ್ಟುಕೊಂಡ ಮಾತು, ಪರದೇಶದಲ್ಲಿ ಇನ್ನೊಬ್ಬರ ಅಂಗೈಯಲ್ಲಿ ಬೆಳಗುತ್ತಿತ್ತು. ನನ್ನದೇ ಅಕ್ಷರ, ನನ್ನದೇ ಗುರುತು. ಅಂಗಡಿಯವರು ಒತ್ತಿದ ಆ ನಾಲ್ಕು ಒಪ್ಪಿಗೆಗೆ ನನ್ನ ಫೋನಿನ ಹೆಸರೆಲ್ಲ ಆ್ಯಪ್‌ನ ಕಂಪನಿಗೆ ಹೋಗಿದ್ದವು. ಮುಧೋಳದ ಫೋನಿನಲ್ಲಿ ಆ ನಂಬರು ಪ್ರತಿ ಮಂಗಳವಾರದ್ದೂ ಇದೆ. ಅವನು ಒಂದು ಸಲ ಹೀಗೆ ಒತ್ತಿದರೆ ಸಾಕು. ಅಂದು ಮಂಗಳವಾರ, ನಮ್ಮೂರಲ್ಲಿ ಆಗ ಮೂರೂವರೆ.

ಕಸ್ತೂರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮಂಗಳವಾರ ಆ ಹೊತ್ತಿಗಷ್ಟೇ ಅವಳು ಚಾಲೂ ಮಾಡುವುದು. ಹಾಗೆ ಮಾಡು ಅಂತ ಕಲಿಸಿದವಳು ನಾನೇ. ಪದ್ದವ್ವನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಕುರಿ ಹಿಂದೆ ಹೋದವಳು ಫೋನ್ ಗೋಡೆಯ ಗೂಡಿನಲ್ಲಿಟ್ಟು ಹೋಗಿರುತ್ತಾಳೆ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಕಾಕಾ ಅವರಿಗೆ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಅವರು ಬೈಯಲಿಲ್ಲ, “ಮತ್ತ ಮಾಡು” ಅಂದರು.

ಒಂದು ತಾಸು ಕಳೆಯಿತು. ಕಸ್ತೂರಿಯ ನಂಬರು ಕೊನೆಗೂ ಹತ್ತಿತು, ಆದರೆ ‘ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ’ ಅಂತ ಆ ಹೆಂಗಸಿನ ನುಣುಪು ದನಿ. ಯಾರ ಜೊತೆ ಅಂತ ನನಗೆ ಗೊತ್ತಿತ್ತು. ಕಿಟಕಿಯ ಸರಳು ಹಿಡಿದು ನಿಂತೆ. ಮತ್ತೆ ಮಾಡಿದಾಗ ಎತ್ತಿದಳು. ಮಾತಿಲ್ಲ, ಬರೀ ಉಸಿರು.

“ಕಸ್ತೂರಿ, ನಾನವಾ, ಚಿಗವ್ವ.”

“ಇವತ್ತ ಸವಿತಾ ಎತ್ತಲಿಲ್ಲ ಚಿಗವ್ವ. ಅವರ ಎತ್ತಿದ್ರು. ನಾ ಮಾತಾಡಲಿಲ್ಲ. ಸ್ವಲ್ಪ ಹೊತ್ತ ಸುಮ್ಮನಿದ್ದು, ಹುನ್ನೂರಾಗ ಮಳಿ ಆತೇನು ಅಂತ ಕೇಳಿದ್ರು.”

ಅಷ್ಟೇ ಕೇಳಿದ್ದನಂತೆ. ಬೈದಿಲ್ಲ, ಕೂಗಿಲ್ಲ. ಮುಧೋಳದಿಂದ ಹುನ್ನೂರಿಗೆ ಬೈಕಿನಲ್ಲಿ ಎಷ್ಟು ಹೊತ್ತು ಬೇಕು ಅಂತ ನನ್ನ ತಲೆ ತಾನೇ ಎಣಿಸತೊಡಗಿತು. ನಾನು ಏಳು ಸಮುದ್ರ ದಾಟಿ ಬಂದು ಒಂದು ಗಿರಣಿಯ ಕಿಟಕಿ ಹಿಡಿದು ನಿಂತಿದ್ದೆ.

“ಕೊಡಿಲ್ಲೆ” ಅಂದರು ಕಾಕಾ. ಫೋನ್ ತೆಗೆದುಕೊಂಡು “ನಾ ಮಲ್ಲಪ್ಪ ಕಾಕಾ ಅದೇನವಾ. ಆ ಸಿಮ್ ತೆಗದು ಒಲಿಗೆ ಹಾಕು. ಗುಡಿಯಾಗ ಹೆಣ್ಮಕ್ಕಳ ನಡುವ ಹೋಗಿ ಕುಂದರು. ನಾ ಕಳಸಿದಾಂವ ಬಂದು ‘ಲಾಳಿ ತಂದೇನಿ’ ಅಂತಾನ. ಅವನ ಸಂಗಾಟ ಹೋಗು, ಬ್ಯಾರೆ ಯಾರ ಸಂಗಾಟನೂ ಬ್ಯಾಡ” ಅಂದರು.

ಯಾರನ್ನು ಕಳಿಸುತ್ತೀರಿ ಅಂತ ನಾನು ಕೇಳುವಷ್ಟರಲ್ಲಿ ಹೆಲ್ಗಾ ಅವರ ತೋಳು ಹಿಡಿದು ಸಂಗ್ರಹಾಲಯದ ಕಚೇರಿಗೆ ಕರೆದೊಯ್ದಳು. ಅಲ್ಲಿ ತಂತಿಯ ಹಳೇ ಫೋನು ಇತ್ತು. “ಇದಕ್ಕೆ ಹೆಸರು ನೆನಪಿಟ್ಟುಕೊಳ್ಳಲು ಬರುವುದಿಲ್ಲ” ಅಂದಳು. ನಾನು ಒಳಗೆ ಹೋಗಲಿಲ್ಲ. ನನ್ನ ಕೈಚೀಲದಲ್ಲಿ ಫೋನ್ ಇರುವಾಗ ಹೋಗುವ ಧೈರ್ಯವಾಗಲಿಲ್ಲ. ಬಾಗಿಲು ಮುಚ್ಚಿತು. ಕಾಕಾ ಯಾರಿಗೆ ಮಾಡಿದರು, ಯಾವ ಊರಿಗೆ, ಇಂದಿಗೂ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅದೇ ಫೋನಿಗೆ ಸುದ್ದಿ ಬಂತು. ಕಸ್ತೂರಿ ಸುಖರೂಪ ಮುಟ್ಟಿದಳು ಅಂತಷ್ಟೇ, ಎಲ್ಲಿಗೆ ಅಂತ ಹೇಳಲಿಲ್ಲ. ನಾನು ಹೆಲ್ಗಾಳ ಅಡುಗೆಮನೆಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಹೆಲ್ಗಾ ಆ ಕಂಪನಿಯ ಪುಟ ಹುಡುಕಿ ತೆಗೆದಳು. ಹೆಸರು ತೆಗೆಸಬೇಕಾದರೆ ಒಂದು ಅರ್ಜಿ ತುಂಬಬೇಕಂತೆ. ಮೊದಲ ಸಾಲಿನಲ್ಲೇ ಯಾರ ಹೆಸರು ತೆಗೆಯಬೇಕೋ ಅವರ ನಂಬರ್ ಬರೆಯಿರಿ ಅಂತ ಇತ್ತು. ಅಳಿಸಲು ಮತ್ತೊಮ್ಮೆ ಅವರಿಗೇ ಕೊಡಬೇಕು. ಕೊಟ್ಟೆ. ನಿಮ್ಮ ಗುಟ್ಟು ನಮಗೆ ಮುಖ್ಯ ಅನ್ನುವ ಅರ್ಥದ ಉತ್ತರ ಕೂಡಲೇ ಬಂತು. ಯಾರು ಬರೆದರು, ಯಾವ ಊರಿನವರು ಅಂತ ಕೇಳಿ ತಿಳಿದುಕೊಳ್ಳೋಣ ಅಂದರೆ ಅದರ ಕೆಳಗೆ ಒಬ್ಬ ಮನುಷ್ಯನ ಹೆಸರೂ ಇರಲಿಲ್ಲ.

ಹುನ್ನೂರ

ಊರಿಗೆ ಬಂದವಳೇ ಹುನ್ನೂರಿಗೆ ಹೋದೆ. ಪದ್ದವ್ವ ನಡೆದದ್ದನ್ನು ಹೇಳಿದಳು. ಆ ಮಂಗಳವಾರ ರಾತ್ರಿಯೇ ಕಸ್ತೂರಿ ಹೋಗಿಯಾಗಿತ್ತು; ಮರುದಿನ ಬೆಳಿಗ್ಗೆ ಅವಳ ಗಂಡ ಇನ್ನೊಬ್ಬನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದಿದ್ದನಂತೆ. ಫೋನ್ ಕೈಯಲ್ಲಿ ಹಿಡಿದು, ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಪದ್ದವ್ವನ ಮನೆ ಕೇಳಿದ್ದಾನೆ.

“ನಮ್ಮ ಮಂದಿ ಬಿಡ್ತಾರೇನ? ಯಾವ ಊರು, ಯಾರ ಪೈಕಿ, ಏನ ಕೆಲಸ ಅಂತ ಕೇಳ್ಯಾರ. ಆಂವ ತಡವರಿಸ್ಯಾನ. ಚಾ ಕುಡದ ಹೋಗ್ರಿ ಅಂತ ಕುಂದರಿಸ್ಯಾರ. ಮತ್ತ ಕೇಳ್ಯಾರ. ಕಡೀಕ ಪದ್ದವ್ವ ಕುರಿ ಹೊಡಕೊಂಡು ಹೋಗ್ಯಾಳ, ಎಂಟ ದಿನ ಬರೂದಿಲ್ಲ ಅಂತ ಹೇಳಿ ಕಳಿಸ್ಯಾರ. ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ.”

ಆ ಕಟ್ಟೆಯ ಮೇಲಿನವರಿಗೆ ಕಸ್ತೂರಿ ಅಲ್ಲಿದ್ದದ್ದು ಮೊದಲ ವಾರದಲ್ಲೇ ಗೊತ್ತಿತ್ತಂತೆ. ನಾನು ಗುಟ್ಟು ಅಂದುಕೊಂಡದ್ದು ಆ ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅವರು ಹೇಳುವ ಮೊದಲು ಕೇಳುವವನು ಯಾರು ಅಂತ ಕೇಳುತ್ತಾರೆ. ನನ್ನ ಫೋನಿನೊಳಗಿದ್ದ ಕಂಪನಿ ಅದೊಂದನ್ನು ಕೇಳಿರಲಿಲ್ಲ.

ಮುಧೋಳ

ಹೆಲ್ಗಾ ಸವಿತಾಳಿಗೆಂದು ಬಣ್ಣದ ಪೆನ್ಸಿಲ್ ಕೊಟ್ಟು ಕಳಿಸಿದ್ದಳು. ಫೋನನ್ನು ಮನೆಯಲ್ಲೇ ಬಿಟ್ಟು ಬಸ್ ಹತ್ತಿದೆ. ನಾನು ಹೋದ ಹಾದಿಯನ್ನೂ ಅದು ಬರೆದಿಟ್ಟುಕೊಳ್ಳುತ್ತದೆ ಅಂತ ಆಗ ತಿಳಿದಿತ್ತು. ಸಾಲಿಯ ಟೀಚರು ನೀವು ಯಾರು, ಏನಾಗಬೇಕು ಅಂತ ಎರಡೆರಡು ಸಲ ಕೇಳಿದರು. ಹಾಗೆ ಕೇಳಿದ್ದಕ್ಕೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಊಟದ ಬಿಡುವಿನಲ್ಲಿ ಸವಿತಾಳನ್ನು ಬೇವಿನ ಗಿಡದ ಕೆಳಗೆ ಕಳಿಸಿಕೊಟ್ಟರು.

ಪೆನ್ಸಿಲ್ ಡಬ್ಬಿ ತೆರೆದು ನೋಡಿ ಮುಚ್ಚಿದಳು. ಅವ್ವನ ಚಿಗವ್ವ ಅಂತ ಅವಳು ನನ್ನನ್ನು ಆಯಿ ಅನ್ನುತ್ತಾಳೆ.

“ಆಯಿ, ಮಂಗಳವಾರ ಒಂದ ಫೋನ್ ಬರ್ತಿತ್ತು. ಯಾರೂ ಮಾತಾಡ್ತಿದ್ದಿಲ್ಲ.”

“ಹೌದನು?” ಅಂದೆ.

“ಬಳಿಗಳ ಸಪ್ಪಳ ಕೇಳ್ತಿತ್ತು. ನಂಗ ಗೊತ್ತಾಗ್ತಿತ್ತು.” ದನಿ ಇಳಿಸಿದಳು. “ಯಾರದು ಅಂತ ಅಜ್ಜಿ ಕೇಳ್ತಿದ್ಲು. ನಾ ರಾಂಗ್ ನಂಬರ್ ಅಂತಿದ್ದೆ. ಪ್ರತಿ ಸಲ ಹಂಗ ಅಂತಿದ್ದೆ.”

ಏಳು ವರ್ಷದ ಕೂಸು ಐದು ತಿಂಗಳು ಯಾರಿಗೂ ಬಿಟ್ಟುಕೊಡದೆ ಅವ್ವನನ್ನು ಕಾಪಾಡಿತ್ತು. ನಾನು ನಾಲ್ಕು ಒಪ್ಪಿಗೆಯಲ್ಲಿ ಕೊಟ್ಟುಬಿಟ್ಟಿದ್ದೆ.

“ಈಗ ಯಾಕ ರಾಂಗ್ ನಂಬರ್ ಬರೂದಿಲ್ಲ ಆಯಿ?”

ಹೇಳಲು ಬಾಯಿ ತೆರೆದೆ. ಯಾರಾದರೂ ಕೇಳಿಸಿಕೊಂಡಾರು ಅಂತ ಸುತ್ತ ನೋಡಿ ಮುಚ್ಚಿಕೊಂಡೆ. ಗಿಡದ ಕೆಳಗೆ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ.